ಚೊಗಚಿ ಒಂದ್ಸಲ ನೆಟ್ಟು ಮರೆಯೋ ಗಿಡ ಅಲ್ಲ

ಮೊಬೈಲ್ ತೆಗೆದು 'ಅಗಸೆ ಬೀಜ' ಅಂತ ಹುಡುಕಿ ನೋಡಿ. ಸಾಲಾಗಿ ಬರೋದೆಲ್ಲ ಎಣ್ಣೆಕಾಳಿನ ಅಗಸಿ. ನಮ್ಮ ಬೀದರ ಕಡೆ ಹಿಂಡಿ ಮಾಡಿ ರೊಟ್ಟಿ ಜೊತೆ ತಿನ್ನೋ ಅದೇ ಹೊಳೆಯೋ ಕಂದು ಕಾಳು. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಹುಡುಕಿ, ದುಡ್ಡು ಕಟ್ಟಿ, ಒಂದು ಪಾಕೀಟು ತರಿಸಿದ್ದೆ. ಅವ್ವ ಅದನ್ನ ಒಡೆದು ಅಂಗೈಗೆ ಸುರುವಿಕೊಂಡು ನೋಡಿದಳು. "ಇದು ಹಿಂಡಿ ಅಗಸಿ ಅದಪಾ. ಹಿತ್ತಲದಾಗ ಬಿತ್ತಲ್ಯೋ, ಹಂಚಿನ ಮ್ಯಾಲ ಹುರೀಲ್ಯೋ?" ಅಂದಳು. ಮನೆಮಂದಿಯೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ನನಗೆ ಬೇಕಿದ್ದದ್ದು ಅಗಸೆ ಮರದ ಬೀಜ. ನಮ್ಮ ಮನೆಯಲ್ಲಿ ಅದಕ್ಕೆ ಚೊಗಚಿ ಅಂತಾರೆ. ಬೆಳ್ಳಗಿನ ದೊಡ್ಡ ಹೂವು, ಹುಣಸೆ ಎಲೆ ಥರ ಸಾಲು ಸಾಲು ಎಲೆ, ತೆಳ್ಳಗೆ ಗೇಣುದ್ದಕ್ಕಿಂತ ಉದ್ದ ಜೋತು ಬೀಳೋ ಕಾಯಿ. ತೊಗರಿ, ಹೆಸರು, ಅವರೆಯ ಜಾತಿಗೇ ಸೇರಿದ ಮರ. ಹೂವು ಪಲ್ಯ, ಎಳೆ ಎಲೆ ಸೊಪ್ಪು, ಎಳೆ ಕಾಯಿ ಬೀನ್ಸ್‌ನಂತೆ ಅಡುಗೆಗೆ. ಉಳಿದ ಸೊಪ್ಪು ಆಡಿಗೆ, ಉದುರಿದ ಎಲೆ ಮಣ್ಣಿಗೆ.

ಬಸವಕಲ್ಯಾಣ, ಹುಮನಾಬಾದ್ ಸುತ್ತಮುತ್ತ ಹಿತ್ತಲು ಇರೋ ಪ್ರತಿ ಮನೆಯಲ್ಲೂ ಈ ಗಿಡ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಇವತ್ತು ಬರೀತಿರೋದು ಬರೀ 'ನೆಡಿ' ಅಂತ ಹೇಳೋಕಲ್ಲ. ನೆಟ್ಟವರ ಮನೆಯಲ್ಲೂ ಇದು ಯಾಕೆ ಉಳಿಯಲಿಲ್ಲ ಅನ್ನೋದನ್ನ ಹೇಳಬೇಕು. ನಮ್ಮ ಮನೆಯದ್ದನ್ನ ಕಳಕೊಂಡವರು ನಾವೇ.

ಮರ ಹೋದದ್ದು ಹೇಗೆ

ನಮ್ಮದು ಐದು ಎಕರೆ ಹೊಲ. ಸೋಯಾ, ತೊಗರಿ, ಹಿಂಗಾರಿಗೆ ಕಡಲೆ. ಮನೆ ಹಿಂದೆ ಬಚ್ಚಲ ನೀರು ಹರಿಯೋ ಕಡೆ ಒಂದು ಚೊಗಚಿ ಇತ್ತು. ಯಾರು ಬಿತ್ತಿದ್ದರೋ ನನಗೆ ಗೊತ್ತಿಲ್ಲ. ನಾನು ಶಾಲೆಗೆ ಹೋಗುವಾಗಿಂದ ಅಲ್ಲೊಂದು ಚೊಗಚಿ ಇದ್ದೇ ಇತ್ತು. ಒಂದು ಒಣಗಿದರೆ ಪಕ್ಕದಲ್ಲೇ ಇನ್ನೊಂದು ಎದ್ದಿರುತ್ತಿತ್ತು. ಅದನ್ನ ಎಬ್ಬಿಸ್ತಾ ಇದ್ದವಳು ನಮ್ಮ ಆಯಿ. ಆಯಿ ಹೋದ ಮೇಲೆ ಆ ಕೆಲಸ ಯಾರದ್ದೂ ಅಲ್ಲ ಅಂತಾಯಿತು.

ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ ಮೇವು ತೀರಿತು. ಎರಡು ಆಡು, ಒಂದು ಎಮ್ಮೆ ಕಟ್ಟಿಕೊಂಡಿದ್ದೆವು. ಅಪ್ಪ ದಿನಾ ಚೊಗಚಿ ಕೊಂಬೆ ಕಡಿದು ಆಡಿಗೆ ಹಾಕಿದ. ಮೊದಲು ಕೆಳಗಿನ ಕೊಂಬೆ, ಆಮೇಲೆ ನಡುವಿನದು, ಕೊನೆಗೆ ತುದಿ. ಬೇವು, ಸುಬಾಬುಲ್ ಆಗಿದ್ದರೆ ಬೋಳಾದ ಬೊಡ್ಡೆಯಿಂದಲೂ ಚಿಗುರುತ್ತಿತ್ತು. ಚೊಗಚಿಗೆ ಆ ತಾಕತ್ತು ಕಡಿಮೆ. ಎಲೆ ಪೂರ್ತಿ ಬೋಳಿಸಿದರೆ ಮತ್ತೆ ಎದ್ದು ನಿಲ್ಲೋದು ಅದಕ್ಕೆ ಕಷ್ಟ. ಮಿರಗದ ಮಳೆ ಬಿದ್ದರೂ ಮರ ಚಿಗುರಲಿಲ್ಲ. ತೊಗಟೆ ಕಿತ್ತು ನೋಡಿದರೆ ಒಳಗೆ ಹುಳ ಕೊರೆದ ಸುರಂಗ.

ಅಪ್ಪ ಮುಖ ಸಣ್ಣ ಮಾಡಿಕೊಂಡು ಕೂತಿದ್ದ. ಅವ್ವ ಅವನಿಗೆ ಬೈಯಲಿಲ್ಲ. "ಗಿಡ ಹೋದ್ರ ಹೋಗ್ಲಿ, ಆಡು ಉಳದಾವ. ಬೀಜ ಎಲ್ಲಿ ಇಟ್ಟೀರಿ?" ಅಂತ ಕೇಳಿದಳು.

ಯಾರೂ ಇಟ್ಟಿರಲಿಲ್ಲ. ಓಣಿಯಲ್ಲಿ ಕೇಳಿದೆ. ಮೊದಲು ಐದಾರು ಮನೆಯ ಹಿತ್ತಲಲ್ಲಿ ಇದ್ದ ಗಿಡ ಈಗ ಒಂದೂ ಇಲ್ಲ. ಮನೆ ಆರ್‌ಸಿಸಿ ಆದಾಗ ಹಿತ್ತಲಿಗೆ ಸಿಮೆಂಟು ಬಿತ್ತು, ಕೆಲವು ಗಾಳಿಗೆ ಮುರಿದವು, ಕೆಲವು ಸುಮ್ಮನೆ ವಯಸ್ಸಾಗಿ ಒಣಗಿದವು. ಯಾರೂ ಬೇಕಂತ ಕಡಿದು ಹಾಕಿದ್ದಲ್ಲ. ಮತ್ತೆ ಬಿತ್ತಲಿಲ್ಲ, ಅಷ್ಟೇ.

ಹೆಸರು ಸರಿಯಾಗಿ ಗೊತ್ತಿದ್ದರೆ ಬೀಜ ಸಿಗುತ್ತೆ

ಆಮೇಲೆಯೇ ನಾನು ಆನ್‌ಲೈನ್ ಪಾಕೀಟು ತರಿಸಿ ಮೋಸ ಹೋದದ್ದು. ಮೋಸ ಅಂದರೆ ಮಾರಿದವರದ್ದಲ್ಲ, ಹೆಸರಿನದ್ದು. ಕನ್ನಡದಲ್ಲಿ ಅಗಸೆ ಅಂದರೆ ಎಣ್ಣೆಕಾಳೂ ಹೌದು, ಈ ಮರವೂ ಹೌದು, ನಮ್ಮ ಕಡೆ ಊರ ಬಾಗಿಲಿಗೂ ಅಗಸಿ ಅಂತೀವಿ. ತೆಲುಗಿನಲ್ಲೂ ಇದೇ ಫಜೀತಿ, ಅವಿಸೆ ಅನ್ನೋ ಒಂದೇ ಹೆಸರು ಎರಡಕ್ಕೂ ನಡೆಯುತ್ತೆ. ಮರಾಠಿಯವರು ಮಾತ್ರ ಜಾಣರು. ಎಣ್ಣೆಕಾಳಿಗೆ ಜವಸ, ಮರಕ್ಕೆ ಹಾದಗಾ ಅಂತ ಬೇರೆ ಬೇರೆ ಇಟ್ಟಿದ್ದಾರೆ. ತಮಿಳಿನವರಿಗೆ ಇದು ಅಗತ್ತಿ. ವಿಜ್ಞಾನದ ಹೆಸರು ಸೆಸ್ಬೇನಿಯಾ ಗ್ರಾಂಡಿಫ್ಲೋರಾ. ಹಸಿರೆಲೆ ಗೊಬ್ಬರಕ್ಕೆ ಬಿತ್ತಿ ಉಳುಮೆ ಮಾಡ್ತೀವಲ್ಲ ಡಯಾಂಚಾ, ಅದೂ ಸೆಸ್ಬೇನಿಯಾವೇ, ಇದರ ತಮ್ಮ ಇದ್ದ ಹಾಗೆ.

ಗಡಿ ಆಚೆ ಉಮರ್ಗಾ ಕಡೆ ನಮ್ಮ ಸೋದರತ್ತಿ ಮನೆ. ಫೋನಿನಲ್ಲಿ "ಚೊಗಚಿ" ಅಂದರೆ ಅತ್ತಿಯ ಸೊಸೆಗೆ ತಿಳಿಯಲಿಲ್ಲ. "ಹಾದಗಾ" ಅಂದ ಕೂಡಲೇ, "ಅಯ್ಯ, ಹಿತ್ತಲದಾಗ ಎರಡು ಅದಾವ, ಬರ್ರಿ" ಅಂದಳು. ಬಸವಕಲ್ಯಾಣದಿಂದ ಬೈಕ್ ಹೊಡಕೊಂಡು ಹೋದೆ. ಅತ್ತಿ ಒಂದು ಮುಷ್ಟಿ ಬೀಜ ಕಾಗದದಲ್ಲಿ ಕಟ್ಟಿಕೊಟ್ಟು ಹೇಳಿದಳು: "ಅರ್ಧ ಬಿತ್ತು, ಅರ್ಧ ಇಡು."

ನಾನು ಇಡಲಿಲ್ಲ. ಅಷ್ಟನ್ನೂ ಒಂದೇ ಸಲ ಹೊಲದ ಎರಿ ಮಣ್ಣಿನ ಮೂಲೆಯಲ್ಲಿ ಬಿತ್ತಿದೆ. ಅದೇ ವಾರ ಜಡಿಮಳೆ. ನೀರು ನಿಂತು ಬಹಳಷ್ಟು ಬೀಜ ಕೊಳೆಯಿತು. ಎದ್ದ ನಾಲ್ಕು ಸಸಿಗೆ ಬೇಲಿ ಹಾಕಿರಲಿಲ್ಲ, ಒಂದು ಮಧ್ಯಾಹ್ನ ನಮ್ಮದೇ ಆಡು ಮುಗಿಸಿತು. ಮರುವರ್ಷ ಮತ್ತೆ ಅತ್ತಿ ಮನೆಗೆ ಹೋಗಿ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಆ ಸಲ ಬಿತ್ತಿದ್ದೇ ಈಗ ನಮ್ಮ ಹಿತ್ತಲಲ್ಲಿ ನಿಂತಿರೋ ಎರಡು ಮರ.

ನನ್ನ ಮಾತು ಇಷ್ಟೇ

ಮಾವು, ಹುಣಸೆ, ಬೇವು ಅಂದರೆ ಒಮ್ಮೆ ನೆಟ್ಟು ಮೊಮ್ಮಕ್ಕಳಿಗೆ ಬಿಟ್ಟು ಹೋಗೋದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಸಸಿ ನೆಡೋ ದಿನ ಒಂದು ಫೋಟೋ, ಅಲ್ಲಿಗೆ ಮುಗೀತು. ಚೊಗಚಿಗೆ ಈ ಲೆಕ್ಕ ನಡೆಯೋದಿಲ್ಲ. ಇದು ಬೇಗ ಬೆಳೆದು ಬೇಗ ಮುದಿಯಾಗೋ ಮರ. ಕಾಂಡ ಮೆದು, ಗಾಳಿಗೆ ಮುರಿಯುತ್ತೆ, ಕೊರೆಯೋ ಹುಳಕ್ಕೆ ಬೇಗ ಸಿಕ್ಕಿಬೀಳುತ್ತೆ. ಇದನ್ನ ಮರ ಅಂತ ನೋಡಬೇಡಿ, ತೊಗರಿ ಥರ ಒಂದು ಬೆಳೆ ಅಂತ ನೋಡಿ. ತೊಗರಿಗೆ ಬೀಜ ಎತ್ತಿಡ್ತೀರಿ, ಮರುವರ್ಷ ಬಿತ್ತುತ್ತೀರಿ. ಇದಕ್ಕೂ ಅದೇ. ಎರಡು ವರ್ಷಕ್ಕೊಮ್ಮೆ ಒಂದು ಹೊಸ ಗಿಡ ಎಬ್ಬಿಸಿ, ಪ್ರತಿ ವರ್ಷ ಬೀಜ ಎತ್ತಿಡಿ. ನಮ್ಮ ಆಯಿ ಮಾಡ್ತಿದ್ದದ್ದು ಇದನ್ನೇ. ಆಕೆಗೆ ಅದೊಂದು ಕೆಲಸ ಅಂತಾನೂ ಅನ್ನಿಸಿರಲಿಲ್ಲ, ನಮಗೆ ಅದು ಕಾಣಿಸಿಯೂ ಇರಲಿಲ್ಲ.

ಬೀಜ ಎತ್ತಿಡೋದು

ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಹೂವು ಜೋರಾಗುತ್ತೆ. ಎಳ್ಳ ಅಮವಾಸ್ಯೆಯಿಂದ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ ತನಕ ಪಲ್ಯಕ್ಕೆ ಕೊರತೆ ಇಲ್ಲ. ಈ ಹೊತ್ತಿಗೆ ಒಂದು ಕೆಲಸ ಮಾಡಿ: ಚೆನ್ನಾಗಿ ಹೂ ಬಿಟ್ಟ, ಕೊಂಬೆ ಹರಡಿದ, ಹುಳ ಬೀಳದ ಮರ ಆರಿಸಿ, ಅದರ ಒಂದೆರಡು ಕೊಂಬೆಗೆ ಬಟ್ಟೆ ಕಟ್ಟಿ ಗುರುತು ಹಾಕಿ. ಆ ಕೊಂಬೆಯ ಹೂ ಕೀಳಬಾರದು ಅಂತ ಮನೆಯಲ್ಲಿ ಹೇಳಿಡಿ. ಎಲ್ಲಾ ಹೂ ತಿಂದರೆ ಬೀಜ ಎಲ್ಲಿಂದ ಬರಬೇಕು?

ಕೆಂಪು ಹೂವಿನದೂ ಇದೆ, ಆದರೆ ಅಡುಗೆಗೆ ಬಿಳಿ ಹೂವಿನದೇ ಹೆಚ್ಚು ಬಳಕೆ. ನಿಮಗೆ ಬೇಕಾದ್ದರಿಂದ ಬೀಜ ತೆಗೀರಿ.

ಕಾಯಿ ಮರದ ಮೇಲೇ ಒಣಗಿ ಕಂದು ಬಣ್ಣಕ್ಕೆ ತಿರುಗಲಿ. ಒಂದು ಕಾಯಿಯಲ್ಲಿ ಹದಿನೈದರಿಂದ ಐವತ್ತರವರೆಗೆ ಬೀಜ ಇರುತ್ತೆ. ಹೀಗಾಗಿ ನಾಲ್ಕೈದು ಕಾಯಿ ಬಿಟ್ಟರೆ ಇಡೀ ಓಣಿಗೆ ಸಾಕು. ಬಿಡಿಸಿದ ಬೀಜ ನೆರಳಲ್ಲಿ ಒಣಗಿಸಿ. ತೂತು ಬಿದ್ದದ್ದು, ಸುಕ್ಕುಗಟ್ಟಿದ್ದು ಬಿಸಾಡಿ. ಒಣ ಬೂದಿ ಬೆರೆಸಿ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ. ಮೇಲೆ ಹೆಸರು, ಹೂವಿನ ಬಣ್ಣ, ವರ್ಷ ಬರೆದು ಅಂಟಿಸಿ. ಹೆಸರು ಬರೆಯುವಾಗ ಚೊಗಚಿ, ಹಾದಗಾ ಎರಡನ್ನೂ ಬರೀರಿ. ನಾಳೆ ಯಾರೋ ಅದನ್ನ ಹಿಂಡಿ ಅಗಸಿ ಅಂದುಕೊಂಡು ಹುರಿಯೋದು ಬೇಡ.

ಬಸವ ಜಯಂತಿ ಹೊತ್ತಿಗೆ ಬಾಟಲಿ ತೆಗೆದು ಒಂದು ಪರೀಕ್ಷೆ ಮಾಡಿ. ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ವಾರ ಇಡಿ, ಒಣಗಲು ಬಿಡಬೇಡಿ. ಆರೇಳು ಮೊಳೆತರೆ ಬೀಜ ಚೆನ್ನಾಗಿದೆ. ಎರಡೇ ಮೊಳೆತರೆ, ಬಿತ್ತನೆಗೆ ಇನ್ನೂ ಟೈಮ್ ಇದೆ, ಬೇರೆ ಕಡೆ ಕೇಳಿ.

ಬಿತ್ತೋದು ಹೀಗೆ

ಹೊತ್ತು: ಮಿರಗ ಹೊಕ್ಕು ಎರಡು ಹದವಾದ ಮಳೆ ಬಿದ್ದ ಮೇಲೆ, ಅಂದರೆ ಜೂನ್ ಎರಡನೇ, ಮೂರನೇ ವಾರ. ಹಿಂಗಾರಿಗೆ ಬಿತ್ತಬೇಡಿ. ಈ ಗಿಡಕ್ಕೆ ಚಳಿ ಆಗೋದಿಲ್ಲ. ಡಿಸೆಂಬರ್ ಚಳಿ ಬರೋದರೊಳಗೆ ಗಿಡ ಎದೆಯೆತ್ತರ ದಾಟಿರಬೇಕು. ಜೂನ್‌ನಲ್ಲಿ ಬಿತ್ತಿದರೆ ಅದು ಸುಲಭ, ಮೊದಲ ವರ್ಷದಲ್ಲೇ ಆಳೆತ್ತರ ಮೀರಿ ಹೋಗುತ್ತೆ.

ಜಾಗ: ಬಿಸಿಲು ಬೇಕೇ ಬೇಕು. ಗೋಡೆಯಿಂದ ಆರು ಅಡಿ ದೂರ. ಪತ್ರಾ ಛಾವಣಿ, ಕರೆಂಟ್ ತಂತಿ ಹತ್ತಿರ ಬೇಡ, ಗಾಳಿಗೆ ಕೊಂಬೆ ಮುರಿದು ಬೀಳುತ್ತೆ. ದನ ಕಟ್ಟೋ ಜಾಗದ ನೆತ್ತಿಯ ಮೇಲೂ ಬೇಡ. ಬಚ್ಚಲ ನೀರು ಹರಿಯೋ ಕಡೆ ಒಳ್ಳೆಯದು. ಬೆಳೆದ ಮರ ಕಾಲಡಿ ನೀರು ನಿಂತರೂ ತಡಕೊಳ್ಳುತ್ತೆ. ಬೀಜಕ್ಕೆ ಮತ್ತು ಎಳೆ ಸಸಿಗೆ ಆ ಶಕ್ತಿ ಇಲ್ಲ, ನಾನು ಸೋತದ್ದು ಅಲ್ಲೇ. ಎರಿ ಮಣ್ಣಾದರೆ ಗೇಣೆತ್ತರ ಮಣ್ಣು ಏರಿಸಿ ದಿಬ್ಬ ಮಾಡಿ, ಅದರ ಮೇಲೆ ಬಿತ್ತಿ. ಕೆಂಪು ಮಣ್ಣಿನವರಿಗೆ ಆ ಚಿಂತೆ ಇಲ್ಲ, ಆದರೆ ಬೇಸಿಗೆಯಲ್ಲಿ ನೀರು ಮರೀಬಾರದು.

ವಿಧಾನ: ಒಂದೂವರೆ ಅಡಿ ಗುಂಡಿ, ಅದಕ್ಕೆ ಎರಡು ಬುಟ್ಟಿ ತಿಪ್ಪೆಗೊಬ್ಬರ ಮತ್ತು ಮೇಲ್ಮಣ್ಣು. ಬೀಜ ಒಂದು ರಾತ್ರಿ ನೀರಲ್ಲಿ ನೆನೆಸಿ, ತೇಲಿದ್ದು ಬಿಡಿ. ಒಂದು ಗುಂಡಿಗೆ ಮೂರು ಬೀಜ, ಬೆರಳಿನ ಒಂದು ಗೆಣ್ಣಿಗಿಂತ ಆಳ ಬೇಡ. ವಾರ ಹತ್ತು ದಿನದಲ್ಲಿ ಮೊಳಕೆ ಕಾಣುತ್ತೆ. ಗೇಣೆತ್ತರ ಆದಾಗ ಗಟ್ಟಿಯಾದ ಒಂದನ್ನ ಉಳಿಸಿ. ಎರಡು ಗಿಡದ ನಡುವೆ ಏಳೆಂಟು ಅಡಿ ಬಿಡಿ.

ಹಾಲಿನ ಪಾಕೀಟಿನಲ್ಲಿ ಸಸಿ ಮಾಡಿ ಆಮೇಲೆ ನೆಡಬಹುದು. ಅಡಿಗೆ ತೂತು ಹಾಕಿ, ಎರಡು ತಿಂಗಳೊಳಗೆ ಬೇರು ಅಲುಗದಂತೆ ಸಾಗಿಸಿ. ತಾಯಿಬೇರು ಸುರುಳಿ ಸುತ್ತಿಕೊಂಡರೆ ಮುಂದೆ ಗಾಳಿಗೆ ನಿಲ್ಲೋದಿಲ್ಲ. ಕೊಂಬೆ ನೆಟ್ಟರೂ ಬೇರು ಬಿಡುತ್ತೆ. ಆದರೆ ಬೀಜದ ಗಿಡಕ್ಕೆ ಇರೋ ತಾಯಿಬೇರು ಅದಕ್ಕೆ ಇರೋದಿಲ್ಲ. ನುಗ್ಗಿಗೆ ಕೊಂಬೆ, ಚೊಗಚಿಗೆ ಬೀಜ, ಇದು ನಾನು ಪಾಲಿಸೋ ರೂಢಿ.

ಬೇಲಿ: ಬಿತ್ತಿದ ದಿನವೇ ಹಾಕಿ. ನಾಳೆ ಅಂದರೆ ಆಡು ಇವತ್ತೇ ಬರುತ್ತೆ.

ಯೂರಿಯಾ ಬೇಡ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನ ಇದೇ ಹಿಡಿದು ತಗೊಳ್ಳುತ್ತೆ, ತೊಗರಿ ಹಾಗೆಯೇ.

ಕಡಿಯೋದು ಹೀಗೆ, ಬೋಳಿಸೋದು ಬೇಡ

ಗಿಡ ಎದೆಯೆತ್ತರ ದಾಟಿದ ಮೇಲೆ ತುದಿ ಚಿವುಟಿ. ಪಕ್ಕದ ಕೊಂಬೆ ಬರುತ್ತವೆ, ಹೂ ಕೈಗೆ ಸಿಗುತ್ತೆ. ಆಮೇಲೆ ಸೊಪ್ಪು ಬೇಕಾದಾಗ ಪಕ್ಕದ ಕೊಂಬೆ ಮಾತ್ರ ಕಡೀರಿ. ಯಾವ ಕಾಲಕ್ಕೂ ಮೂರರಲ್ಲಿ ಒಂದು ಪಾಲು ಎಲೆ ಮರದ ಮೇಲೇ ಇರಲಿ. ಬೇಸಿಗೆಯಲ್ಲಿ ಮೇವು ತೀರಿದಾಗ ಈ ನಿಯಮ ಮುರಿಯೋ ಮನಸ್ಸಾಗುತ್ತೆ, ನಮ್ಮಪ್ಪನಿಗೆ ಆದ ಹಾಗೆ. ಅದಕ್ಕೇ ಆಡು ಸಾಕಿದವರಿಗೆ ನನ್ನ ಸಲಹೆ: ಅಡುಗೆಗೆ ಹಿತ್ತಲಲ್ಲಿ ಎರಡು ಗಿಡ, ಆಡಿಗೆ ಅಂತಲೇ ಬದುವಿನ ಮೇಲೆ ಬೇರೆ ಹತ್ತು ಗಿಡ. ಎರಡನ್ನೂ ಕಲಸಬೇಡಿ. ಆಡು, ದನಕ್ಕೆ ಕೊಡುವಾಗ ಕಣಿಕೆ, ಹೊಟ್ಟಿನ ಜೊತೆ ಬೆರೆಸಿ ಕೊಡಿ. ಕೋಳಿಗೆ ಇದರ ಸೊಪ್ಪು ಹಾಕಬೇಡಿ, ಅವಕ್ಕೆ ಇದು ವಿಷ.

ಕಾಂಡದಲ್ಲಿ ತೂತು, ಹಿಟ್ಟಿನಂಥ ಪುಡಿ ಕಂಡರೆ ಹುಳ ಹೊಕ್ಕಿದೆ ಅಂತ ಅರ್ಥ. ಕೊಂಬೆಯಲ್ಲಿದ್ದರೆ ಆ ಕೊಂಬೆ ಕಡಿದು ಸುಡಿ. ಬೊಡ್ಡೆಯಲ್ಲಿದ್ದರೆ ತಡ ಮಾಡದೆ ಪಕ್ಕದಲ್ಲೊಂದು ಹೊಸ ಬೀಜ ಹಾಕಿ. ತಿನ್ನೋ ಗಿಡಕ್ಕೆ ಔಷಧ ಹೊಡೆದು ಮುದಿ ಮರ ಉಳಿಸೋದಕ್ಕಿಂತ ಅದೇ ಸಲೀಸು.

ಅಡುಗೆಮನೆ ಮಾತು

ಹೂ ಬೆಳಿಗ್ಗೆ ಬಿಡಿಸಿ ಅವತ್ತೇ ಮಾಡಬೇಕು. ತೊಟ್ಟು ಮತ್ತು ನಡುವಿನ ಕೇಸರ ಕಿತ್ತುಬಿಡಿ, ಕಹಿ ಇರೋದು ಅಲ್ಲೇ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಹೂ ಹಾಕಿ, ಕೊನೆಗೆ ಕಡಲೆಹಿಟ್ಟು ಉದುರಿಸಿದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಎಳೆ ಎಲೆ ಹೆಸರುಬೇಳೆ ಜೊತೆ ಬೇಯಿಸಿ. ಕಾಯಿ ಬೆರಳಿಂದ ಮುರಿದರೆ ಪಟ್ಟನೆ ಮುರಿಯೋ ಹಾಗಿದ್ದಾಗ ಮಾತ್ರ ಅಡುಗೆಗೆ. ಬಲಿತ ಬೀಜ ಬಿತ್ತನೆಗೆ, ಬಾಯಿಗೆ ಬೇಡ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಒಯ್ಯೋ ಭಜ್ಜಿಗೆ ನಮ್ಮವ್ವ ಹಸಿ ತೊಗರಿ, ಅವರೆ, ಕಡಲೆ ಜೊತೆ ಒಂದು ಮುಷ್ಟಿ ಚೊಗಚಿ ಎಳೆಕಾಯಿಯನ್ನೂ ಹೆಚ್ಚಿ ಹಾಕ್ತಾಳೆ.

100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇರುತ್ತೆ. ಸೊಪ್ಪುಗಳಲ್ಲಿ ಇಷ್ಟು ಅಪರೂಪ. ಕ್ಯಾಲ್ಸಿಯಂ ಕೂಡ ಹೇರಳ. ಇದು ಬಡವರ ಸೊಪ್ಪು ಅಂತ ಮೂಗು ಮುರಿಯೋ ಕಾರಣ ಇಲ್ಲ. ತಮಿಳುನಾಡಿನಲ್ಲಿ ಏಕಾದಶಿ ಉಪವಾಸ ಮುಗಿಸಿ ದ್ವಾದಶಿ ದಿನ ಅಗತ್ತಿ ಸೊಪ್ಪು ತಿನ್ನೋ ಪದ್ಧತಿ ಇದೆ. ಥಾಯ್ಲೆಂಡ್‌ನವರು ಇದೇ ಹೂವನ್ನ ಹುಳಿ ಸಾರಿಗೆ ಹಾಕ್ತಾರೆ.

ನೀವು ಕೇಳೋ ಪ್ರಶ್ನೆ

"ನುಗ್ಗಿ ಇದ್ದಾಗ ಇದ್ಯಾಕೆ?" ನುಗ್ಗಿ ಇರಲಿ, ನಮ್ಮಲ್ಲೂ ಇದೆ. ಆದರೆ ನೀರು ನಿಂತರೆ ನುಗ್ಗಿಯ ಬೇರು ಕೊಳೆಯುತ್ತೆ, ಬಚ್ಚಲ ಪಕ್ಕ ಅದಕ್ಕೆ ಜಾಗ ಅಲ್ಲ. ಅಲ್ಲಿ ಚೊಗಚಿ ನಿಲ್ಲುತ್ತೆ. ಎಲೆಬಳ್ಳಿ ತೋಟದವರು ಬಳ್ಳಿ ಹಬ್ಬಿಸೋಕೆ ನುಗ್ಗಿ, ಚೊಗಚಿ, ಹಾಲುವಾಣ ಎಲ್ಲವನ್ನೂ ಬೆಳೆಸ್ತಾರೆ. ಒಂದನ್ನೇ ನಂಬಿ ಕೂರೋದಿಲ್ಲ.

"ಎಕರೆಗೆ ಎಷ್ಟು ಸಿಗುತ್ತೆ?" ಇದಕ್ಕೆ ಎಕರೆ ಲೆಕ್ಕ ಹಾಕಬೇಡಿ. ಬಿಡಿಸಿದ ಹೂ ಸಂಜೆಗೆ ಬಾಡುತ್ತೆ, ದೂರದ ಮಾರುಕಟ್ಟೆಗೆ ಹೋಗೋ ಮಾಲಲ್ಲ. ಲಕ್ಷ ಲಕ್ಷ ಲಾಭ ಅಂತ ಯಾರಾದರೂ ವಿಡಿಯೋ ಮಾಡಿ ಸಸಿ ಮಾರಲು ಬಂದರೆ ದೂರ ಇರಿ. ಆ ರೋಗ ಈ ರೋಗ ವಾಸಿ ಆಗುತ್ತೆ ಅನ್ನೋ ಮಾತನ್ನೂ ನಂಬಬೇಡಿ. ಇದೊಂದು ಒಳ್ಳೆ ಸೊಪ್ಪು, ಒಳ್ಳೆ ಪಲ್ಯ, ಒಳ್ಳೆ ಮೇವು. ಸೋಯಾ, ತೊಗರಿ ಬೆಳೆದು ಟನ್‌ಗಟ್ಟಲೆ ಮಾರೋ ನಾವು, ಸಂಜೆ ಅದೇ ದುಡ್ಡಿನಲ್ಲಿ ಕಾಯಿಪಲ್ಯ ಕೊಳ್ಳೋಕೆ ನಿಲ್ತೀವಿ. ವಾರಕ್ಕೆ ಎರಡು ದಿನ ಆ ಖರ್ಚು ತಪ್ಪಿದರೆ ನನಗೆ ಅದೇ ಲಾಭ.

"ಬೀಜ ಎಲ್ಲಿ?" ಮೊದಲು ಮನೆಯ ಹಿರಿ ಹೆಂಗಸರನ್ನ ಕೇಳಿ. ಗಡಿ ಆಚೆ ನೆಂಟರಿದ್ದರೆ ಹಾದಗಾ ಅಂತ ಕೇಳಿ. ಬೀದರ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಬೀದರ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಿ. ಮೇವಿಗೆ ಬೇಕಾದವರು ಧಾರವಾಡದಲ್ಲಿರೋ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನೂ ಕೇಳಬಹುದು. ಆನ್‌ಲೈನ್‌ನಲ್ಲಿ ಕೊಳ್ಳೋದಾದರೆ ವಿಜ್ಞಾನದ ಹೆಸರು ನೋಡಿಯೇ ದುಡ್ಡು ಕಟ್ಟಿ. ನೆನಪಿಗೆ ಒಂದು ಗುರುತು: ಹಿಂಡಿ ಅಗಸಿ ಚಪ್ಪಟೆ, ನುಣುಪು, ಹೊಳಪು, ಒಂದು ಕಡೆ ಚೂಪು. ಚೊಗಚಿ ಬೀಜ ಹೆಸರುಕಾಳಿನಂತೆ ಉರುಟು, ಮಂಕು ಕಂದು.

ಕೊನೆಗೊಂದು ಕೋರಿಕೆ

ಹೋದ ಬೇಸಿಗೆಯಲ್ಲಿ ನಾವು ಬಿಡಿಸಿದ ಬೀಜವನ್ನ ಅವ್ವ ಮೂರು ಪಾಲು ಮಾಡಿದಳು. ಒಂದು ಬಿತ್ತೋಕೆ, ಒಂದು ಬಾಟಲಿಗೆ, ಒಂದು ಓಣಿಗೆ. ಓಣಿಯ ಏಳು ಮನೆಗೆ ಹತ್ತತ್ತು ಬೀಜ ಕೊಟ್ಟು ಬಂದಳು. "ನಮ್ಮದು ಸತ್ರ ಅವರ ಮನ್ಯಾಗ ಇರ್ತದ, ಅವರದು ಸತ್ರ ನಮ್ಮ ಮನ್ಯಾಗ" ಅನ್ನೋದು ಆಕೆಯ ಲೆಕ್ಕ. ಏಳರಲ್ಲಿ ನಾಲ್ಕು ಮನೆಯಲ್ಲಿ ಗಿಡ ಎದ್ದಿವೆ. ದಾಸೋಹ ಅನ್ನೋ ಮಾತು ಹುಟ್ಟಿ ಬೆಳೆದ ಬಸವಕಲ್ಯಾಣದ ನೆಲದಲ್ಲಿ ಹತ್ತು ಬೀಜ ಹಂಚೋದು ದೊಡ್ಡ ಮಾತೇನಲ್ಲ.

ಈ ಮಿರಗಕ್ಕೆ ನೀವೂ ಎರಡು ಗುಂಡಿ ತೆಗೀರಿ. ಅತ್ತಿ ನನಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ, ನನ್ನ ಹಾಗೆ ಮರೀಬೇಡಿ: ಅರ್ಧ ಬಿತ್ತಿ, ಅರ್ಧ ಇಡಿ.